ಮೇಳ ಬಿಟ್ಟ ದನಿ

ಒಂದು ತಂಡದಲ್ಲಿ ಹಾಡಿ ಹೆಸರಾದ ಗಾಯಕನು ಹೊರಬಂದು ತನ್ನೊಬ್ಬನ ಹೆಸರಿನಲ್ಲಿ ಮೊದಲ ಆಲ್ಬಂ ತಂದನೆಂದರೆ ಸಾಕು, ನಮ್ಮ ರಸಿಕರಲ್ಲಿ ಎರಡು ಪಕ್ಷಗಳು ಎದ್ದು ನಿಲ್ಲುತ್ತವೆ. 'ಅವನಿಗೆ ಅಹಂಕಾರ ಬಂತು, ಬೆಳೆಸಿದವರನ್ನು ಮರೆತ' ಎನ್ನುವವರದು ಒಂದು ಪಕ್ಷ. 'ಇಷ್ಟು ದಿನ ಅವನೊಬ್ಬನಿಂದಲೇ ತಂಡ ನಡೆದದ್ದು, ಉಳಿದವರು ಅವನ ನೆರಳಲ್ಲಿ ಉಂಡವರು' ಎನ್ನುವವರದು ಇನ್ನೊಂದು. ಹಾಡನ್ನು ಕೇಳುವ ಮೊದಲೇ ತೀರ್ಪನ್ನು ಬರೆದಿಟ್ಟುಕೊಂಡಿರುವುದರಲ್ಲಿ ಮಾತ್ರ ಇಬ್ಬರೂ ಒಂದೇ. ಈ ಎರಡು ತೀರ್ಪುಗಳನ್ನೂ ಒಪ್ಪದವನ ವಾದವನ್ನು ಓದುಗರು ಒಂದಿಷ್ಟು ಸೈರಣೆಯಿಂದ ಕೇಳಬೇಕೆಂದು ಬೇಡುತ್ತೇನೆ.

ಈ ಜಗಳ ದೊಡ್ಡ ಪಟ್ಟಣಗಳ ಹುಡುಗರ ಬ್ಯಾಂಡುಗಳಿಗೆ ಸೇರಿದ್ದು, ನಮಗೇಕೆ ಎಂದು ತಿಳಿಯಬಾರದು. ನಾನಿರುವ ಬಿಜೂರು ಬೈಂದೂರಿನ ಮಗ್ಗುಲಿನ ಊರು. ಇಲ್ಲಿ ಬ್ಯಾಂಡು ಎಂದರೆ ಮದುವೆಯ ಬ್ಯಾಂಡು. ತಂಡವೆಂದರೆ ಯಕ್ಷಗಾನದ ಮೇಳ, ಗಾಯಕನೆಂದರೆ ಭಾಗವತ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಈ ಕರಾವಳಿಯಲ್ಲಿ ಜನ ಒಂದು ಕಂಠಕ್ಕಾಗಿ ಹತ್ತು ಮೈಲಿ ಹೋಗಿ ನಿದ್ದೆಗೆಟ್ಟು ಬಂದಿದ್ದಾರೆ. ಆ ಕಂಠ ಮೇಳವನ್ನು ಬಿಟ್ಟು, ಇಲ್ಲವೇ ಮೇಳದಲ್ಲಿದ್ದುಕೊಂಡೇ, 'ಗಾನವೈಭವ'ದ ವೇದಿಕೆಗೂ ಕ್ಯಾಸೆಟ್ಟಿಗೂ ಈಚೆಗೆ ಮೊಬೈಲಿಗೂ ಬಂದದ್ದು ನಮ್ಮ ಕಾಲದ ಕತೆ. ಆ ಕತೆಯ ಮೇಲೆ ನಮ್ಮ ಹಿರಿಯರು ಹೇಳುವ ಮಾತು ಒಂದೇ: 'ಮೇಳ ಬಿಟ್ರ್ ಮೇಲೆ ಎಂತಾ ಭಾಗ್ವತ್ರ್ ಮರಾಯ್ರೆ?'

ಈ ಮಾತಿನ ಹಿಂದೆ ಮೂರು ಆಪಾದನೆಗಳಿವೆ. ಮೊದಲನೆಯದು, ಯಕ್ಷಗಾನದ ಪದ್ಯವಿರುವುದು ಕುಣಿತಕ್ಕಾಗಿ; ವೇಷವಿಲ್ಲದೆ, ಕುಣಿತವಿಲ್ಲದೆ, ಅರ್ಥವಿಲ್ಲದೆ ಪದ್ಯವೊಂದನ್ನೇ ಹಾಡುವುದು ಹೆಣಕ್ಕೆ ಶೃಂಗಾರ ಮಾಡಿದಂತೆ ಎಂಬುದು. ಎರಡನೆಯದು, ಇದೆಲ್ಲ ಹಣದ ಆಸೆ ಎಂಬುದು. ಮೂರನೆಯದು, ಮೇಳದ ಋಣ ತೀರಿಸದೆ ಹೋದರೆಂಬ ಕೃತಘ್ನತೆಯ ದೂರು. ಒಂದೊಂದಾಗಿ ನೋಡೋಣ.

ವೇಷವಿಲ್ಲದ ಪದ್ಯ ಹೆಣವೆಂದರೆ ನಮ್ಮ ತಾಳಮದ್ದಳೆಯನ್ನು ಏನೆಂದು ಕರೆಯಬೇಕು? ಮಳೆ ಹಿಡಿದು ಮೇಳಗಳು ಗೆಜ್ಜೆ ಬಿಚ್ಚಿದ ತಿಂಗಳುಗಳಲ್ಲಿ ಚಾವಡಿಯಲ್ಲಿ ಕುಳಿತು, ಬಣ್ಣವಿಲ್ಲದೆ, ಕುಣಿತವಿಲ್ಲದೆ, ಪದ್ಯ ಮತ್ತು ಅರ್ಥಗಳಿಂದಲೇ ರಾತ್ರಿಗಳನ್ನು ಬೆಳಗು ಮಾಡಿದವರು ನಮ್ಮ ಅಜ್ಜಂದಿರೇ ಅಲ್ಲವೇ? ನವರಾತ್ರಿ ಬಂತೆಂದರೆ ನಮ್ಮ ಕಡೆ ಹೂವಿನಕೋಲಿನ ಮಕ್ಕಳು ಮನೆಮನೆಗೆ ಬರುವ ಪದ್ಧತಿಯುಂಟು. ಜತೆಗೊಬ್ಬ ಭಾಗವತ, ಒಂದು ಮದ್ದಳೆ. ಹೂ ಕಟ್ಟಿದ ಕೋಲನ್ನು ಹಿಡಿದು ಎದುರುಬದುರಾಗಿ ಕುಳಿತ ಚಿಕ್ಕ ಹುಡುಗರ ಬಾಯಲ್ಲಿ ಕೃಷ್ಣ, ಅರ್ಜುನರ ಮಾತು. ಅಲ್ಲಿ ಕಿರೀಟವಿಲ್ಲ, ರಂಗಸ್ಥಳವಿಲ್ಲ. ಅದನ್ನು ಯಾರೂ ಹೆಣವೆನ್ನಲಿಲ್ಲ. ಅಕ್ಕಿ, ತೆಂಗಿನಕಾಯಿ ಕೊಟ್ಟು ಕಳುಹಿಸಿದರು. ಕೋಟದ ಶಿವರಾಮ ಕಾರಂತರಂತೂ ಯಕ್ಷಗಾನದಿಂದ ಮಾತನ್ನೇ ತೆಗೆದು, ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದು, ಪದ್ಯ ಮತ್ತು ಕುಣಿತಗಳಿಂದಲೇ ಪ್ರಯೋಗಗಳನ್ನು ಕಟ್ಟಿದರು. ಅವರ ಮೇಲೆ ಬಂದ ಟೀಕೆಗೆ ಲೆಕ್ಕವಿಲ್ಲ. ಇಂದು ಅದೇ ಟೀಕಾಕಾರರ ಮಕ್ಕಳು ಕಾರಂತರ ಹೆಸರಿನ ಸಭೆಗಳಲ್ಲಿ ಅಧ್ಯಕ್ಷತೆ ವಹಿಸುತ್ತಾರೆ. ಮಾತನ್ನು ಬಿಟ್ಟು ಕುಣಿತವನ್ನು ಉಳಿಸಿಕೊಳ್ಳಬಹುದು, ಕುಣಿತವನ್ನು ಬಿಟ್ಟು ಮಾತನ್ನು ಉಳಿಸಿಕೊಳ್ಳಬಹುದು. ಎರಡನ್ನೂ ಬಿಟ್ಟು ಹಾಡನ್ನು ಮಾತ್ರ ಉಳಿಸಿಕೊಂಡರೆ ಧರ್ಮ ಕೆಡುತ್ತದೆಂಬುದು ಯಾವ ಶಾಸ್ತ್ರ?

ಹಣದ ಮಾತು ಇನ್ನೂ ಸಣ್ಣದು. ಮೇಳದ ತಿರುಗಾಟವಿರುವುದು ದೀಪಾವಳಿಯ ಅನಂತರ ಮಳೆ ಹಿಡಿಯುವ ತನಕ. ಉಳಿದ ತಿಂಗಳುಗಳಲ್ಲಿ ಭಾಗವತನ ಮನೆಯ ಒಲೆಯೂ ಉರಿಯಬೇಕಷ್ಟೆ. ರಾತ್ರಿಯಿಡೀ ಏರುಶ್ರುತಿಯಲ್ಲಿ ಹಾಡಿದ ಗಂಟಲು ಎಷ್ಟು ವರ್ಷ ಬಾಳುತ್ತದೆಂದು ಯಾವ ಧಣಿಯೂ ಬರೆದುಕೊಟ್ಟಿಲ್ಲ. ಕಾಲೇಜಿನಲ್ಲಿ ಪಾಠ ಹೇಳಿ ತಿಂಗಳ ಸಂಬಳ ಎಣಿಸುವ ನನ್ನಂಥವರು, ಸಂಜೆ ಕಾಫಿ ಕುಡಿಯುತ್ತ, ಭಾಗವತರು ದುಡ್ಡಿಗಾಗಿ ಹಾಡಬಾರದೆಂದು ತೀರ್ಮಾನಿಸುವುದು ನಾಚಿಕೆಯ ಸಂಗತಿ.

ಉಳಿದದ್ದು ಋಣದ ಮಾತು. ಇದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಇದರಲ್ಲಿ ಸತ್ಯವಿದೆ, ಆದರೆ ಹಿರಿಯರು ಅದನ್ನು ಹುಡುಕುತ್ತಿರುವ ಜಾಗ ಬೇರೆ, ಅದಿರುವ ಜಾಗ ಬೇರೆ. ಇದನ್ನು ವಿವರಿಸಲು ಸ್ವಲ್ಪ ದೂರ, ಸಮುದ್ರದಾಚೆಗೆ, ಹೋಗಿ ಬರಬೇಕು.

ಅಮೆರಿಕದ ಕರಿಯರಲ್ಲಿ 'ಸೋಲ್' ಎಂಬ ಸಂಗೀತವೊಂದು ಬೆಳೆಯಿತು. ಇಗರ್ಜಿಯ ಸಾಮೂಹಿಕ ಪ್ರಾರ್ಥನೆಯ ಹಾಡಿಕೆಯನ್ನು ಬೀದಿಗೂ ಪ್ರೇಮಕ್ಕೂ ಹೋರಾಟಕ್ಕೂ ಇಳಿಸಿಕೊಂಡ ಸಂಗೀತವದು. ಸೋಲ್ ಎಂದರೆ ಆತ್ಮ. ನಮ್ಮ ಭಜನೆಯ ಮೇಳದಲ್ಲಿ ತತ್ವಪದ ಎದ್ದು ಬರುವ ರೀತಿಯನ್ನು ಬಲ್ಲವರಿಗೆ ಅದು ಪರಕೀಯವೆನಿಸಲಾರದು. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಡಿದುಕೊಳ್ಳುತ್ತಾರೆ. ಶಿಕಾಗೊ ನಗರದಲ್ಲಿ 'ಇಂಪ್ರೆಷನ್ಸ್' ಎಂಬ ಒಂದು ತಂಡವಿದ್ದಿತು. 1958ರಲ್ಲಿ ಅದರ ಮೊದಲ ದೊಡ್ಡ ಯಶಸ್ಸಿನ ಪ್ಲೇಟು ಹೊರಬಂದಾಗ ಕಂಪೆನಿಯವರು ಅದರ ಮೇಲೆ 'ಜೆರ್ರಿ ಬಟ್ಲರ್ ಮತ್ತು ಇಂಪ್ರೆಷನ್ಸ್' ಎಂದು ಅಚ್ಚು ಹಾಕಿಸಿದರು. ಐವರು ಸೇರಿ ಹಾಡಿದ ಹಾಡಿನಲ್ಲಿ ಒಬ್ಬನಿಗೆ ಹೆಸರು ಬಂತು, ನಾಲ್ವರು 'ಮತ್ತು' ಎಂಬ ಒಂದು ಮಾತಿನ ಹಿಂದೆ ಹೋದರು. ತಂಡದಲ್ಲಿ ಅಸಮಾಧಾನ ಹುಟ್ಟಿತು. ಬಹುಕಾಲ ಕಳೆಯುವ ಮೊದಲೇ ಬಟ್ಲರ್ ಹೊರನಡೆದ. ಅವರನ್ನು ಒಡೆದದ್ದು ಹಾಡಲ್ಲ, ಅಂಗೈಯಗಲದ ಒಂದು ಲೇಬಲ್ಲು.

ಆ ತಂಡದಲ್ಲಿದ್ದ ಹದಿನಾರರ ಹುಡುಗ ಕರ್ಟಿಸ್ ಮೇಫೀಲ್ಡ್. ಬಟ್ಲರ್ ಹೋದ ಮೇಲೆ ತಂಡವನ್ನು ಮತ್ತೆ ಕಟ್ಟಿದವನು, ಅದಕ್ಕೆ ಹಾಡು ಬರೆದವನು, ಕರಿಯರ ಹಕ್ಕಿನ ಚಳವಳಿಯ ದಿನಗಳಲ್ಲಿ ಜನರ ನಾಲಿಗೆಯ ಮೇಲೆ ನಿಲ್ಲುವಂಥ ಹಾಡುಗಳನ್ನು ಕೊಟ್ಟವನು ಅವನು. ಹೊರಟುಹೋದ ಬಟ್ಲರ್‌ಗೂ ಅವನು ಹಾಡು ಬರೆದುಕೊಟ್ಟ. 1970ರಲ್ಲಿ ಅವನೂ ತಂಡ ಬಿಟ್ಟ. 'ಕರ್ಟಿಸ್' ಎಂಬ ತನ್ನದೇ ಹೆಸರಿನ ಮೊದಲ ಆಲ್ಬಂ ತಂದ. ಅದರಲ್ಲಿರುವುದು ಎಂಟೇ ಹಾಡುಗಳು. ರೇಡಿಯೊದಲ್ಲಿ ಮೂರು ನಿಮಿಷಕ್ಕೆ ಮುಗಿಯುವುದು ವಾಡಿಕೆಯಾಗಿದ್ದ ಕಾಲದಲ್ಲಿ ಅದರೊಳಗಿನ ಒಂದು ಹಾಡು ಸುಮಾರು ಒಂಬತ್ತು ನಿಮಿಷ ನಡೆಯುತ್ತದೆ. ತಂಡದಲ್ಲಿ ಮೂವರ ಕಂಠಗಳು ಹೆಣೆದುಕೊಳ್ಳುತ್ತಿದ್ದ ಜಾಗದಲ್ಲಿ ಇಲ್ಲಿ ತಂತಿವಾದ್ಯ, ತುತ್ತೂರಿ, ತಾಳವಾದ್ಯಗಳ ದೊಡ್ಡ ಗುಂಪಿದೆ. ಅದರ ನಡುವೆ ಒಂದೇ ಒಂದು ತೆಳುವಾದ ಎತ್ತರದ ದನಿ ತನ್ನ ಜನರನ್ನು ಕುರಿತು ಕಟುವಾದ ಮಾತನ್ನಾಡುತ್ತದೆ. ಹಿಂದಿನ ತಂಡದ ಹಾಡುಗಳನ್ನೇ ಆತ ಒಬ್ಬನೇ ಮತ್ತೆ ಹಾಡಿ ಮಾರಬಹುದಿತ್ತು, ಈ ಆಲ್ಬಮಿನಲ್ಲಿ ಹಾಗೆ ಮಾಡಲಿಲ್ಲ. ಬಿಟ್ಟು ಬಂದ ತಂಡವನ್ನು ಮುಳುಗಲೂ ಬಿಡಲಿಲ್ಲ. ಅದಕ್ಕೆ ಹಾಡು ಬರೆಯುವುದನ್ನೂ ಧ್ವನಿಮುದ್ರಣದ ಹೊಣೆ ಹೊರುವುದನ್ನೂ ಮುಂದುವರಿಸಿದ.

ಇದರಿಂದ ನನಗೆ ತೋರುವುದು ಎರಡು ಸಂಗತಿ. ತಂಡ ಬಿಟ್ಟವನ ಋಣ ತೀರುವುದು ತಂಡದಲ್ಲೇ ಉಳಿದು ಸವೆಯುವುದರಿಂದಲ್ಲ. ತಂಡಕ್ಕೆ ಹಿಡಿಸದಿದ್ದ ಹೊಸದೊಂದನ್ನು ಹೊರಗೆ ಬಂದು ಮಾಡುವುದರಿಂದ, ಮತ್ತು ಜತೆಗೆ ನಿಂತವರ ಹೆಸರನ್ನು 'ಮತ್ತು' ಎಂಬ ಮಾತಿನ ಹಿಂದೆ ಅಡಗಿಸದಿರುವುದರಿಂದ. ಒಂಟಿ ಆಲ್ಬಮನ್ನು ಅಳೆಯಲು ಈ ಎರಡು ಸೇರುಗಳು ಸಾಕು.

ಈ ಸೇರುಗಳಿಂದ ನಮ್ಮವರನ್ನೂ ಅಳೆದು ನೋಡಬಹುದು. ಮೈಸೂರಿನಲ್ಲಿ ಬೆಳೆದು ಭರತನಾಟ್ಯ ಕಲಿತ ರಘು ದೀಕ್ಷಿತ್ 'ಅಂತರಾಗ್ನಿ' ಎಂಬ ತಂಡದಿಂದ ಪರಿಚಿತರಾದವರು. ಆ ತಂಡ ಚದುರಿದ ಮೇಲೆ ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಹೊರತಂದದ್ದು ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಅವರ ಸಂಸ್ಥೆ. ಹಿಂದಿ ಹಾಡುಗಳ ನಡುವೆ ಶಿಶುನಾಳ ಶರೀಫರು ಗಿಟಾರು ಹಿಡಿದವರ ಕಂಠದಲ್ಲಿ ಕೇಳಿಸಿದರು. 1819ರಲ್ಲಿ ಹುಟ್ಟಿದ ಸಂತಕವಿ ಕಾಲೇಜು ಹುಡುಗರ ಬಾಯಿಗೆ ಬಂದದ್ದು ಸಣ್ಣ ಕೆಲಸವಲ್ಲ. ಶರೀಫರ ಪದಕ್ಕೆ ಲುಂಗಿ ಉಟ್ಟು ಕುಣಿದರೆಂದು ಮೂಗು ಮುರಿದವರು ನನ್ನ ವೃತ್ತಿಯವರಲ್ಲೇ ಉಂಟು. ಅಂಥವರು ತಮ್ಮ ತರಗತಿಯಲ್ಲಿ ಶರೀಫರನ್ನು ಎಷ್ಟು ಹುಡುಗರ ಬಾಯಿಗೆ ತಂದರೆಂದು ಲೆಕ್ಕ ಕೊಡಲಿ. ಆದರೆ ಎರಡನೆಯ ಸೇರಿನ ಪ್ರಶ್ನೆ ಇಲ್ಲಿಯೂ ಏಳುತ್ತದೆ. ಆಮೇಲಿನ ಅವರ ತಂಡದ ಹೆಸರೇ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'. ಹಾಡುವುದು ಗುಂಪು, ಹೆಸರು ಒಬ್ಬರದು. ಕೊಳಲಿನವರು ಯಾರು, ಪಿಟೀಲಿನವರು ಯಾರು ಎಂದು ಕೇಳಿದರೆ ಆ ಹಾಡುಗಳನ್ನು ಬಾಯಿಪಾಠ ಬಲ್ಲ ಹುಡುಗರಲ್ಲಿ ಎಷ್ಟು ಮಂದಿ ಹೇಳಿಯಾರು?

ಇನ್ನು ನಮ್ಮ ಮನೆಯಂಗಳದ ಉದಾಹರಣೆ. ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಾಂಡೇಶ್ವರ ಕಾಳಿಂಗರಾಯರು ಯಕ್ಷಗಾನದ ವಾತಾವರಣದಲ್ಲಿ ಕಣ್ಣು ಬಿಟ್ಟವರು, ಹುಡುಗನಾಗಿದ್ದಾಗಲೇ ನಾಟಕ ಕಂಪೆನಿ ಸೇರಿದವರು. ಕಂಪೆನಿ ನಾಟಕದ ರಂಗಗೀತೆಗಳನ್ನೇ ಹಾಡಿಕೊಂಡು ಅವರು ಬದುಕಬಹುದಿತ್ತು. ರಾಯರು ಹಾಗೆ ಮಾಡಲಿಲ್ಲ. ದಾಸರ ಪದ, ಹಳ್ಳಿಯ ಹಾಡು, ರಾಜರತ್ನಂ ಅವರ ರತ್ನನ ಪದ, ನವೋದಯದ ಕವಿತೆ, ಇವೆಲ್ಲ ಅವರ ಕಂಠದಲ್ಲಿ ಒಂದು ಹೊಸ ಬಗೆಯ ಹಾಡಿಕೆಯಾದುವು. ಇಂದು ನಾವು ಸುಗಮ ಸಂಗೀತವೆಂದು ಕರೆಯುವುದರ ದಾರಿ ತೆರೆದದ್ದು ಅಲ್ಲಿ. ಆ ಕಾಲದ ಗ್ರಾಮಾಫೋನ್ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿನಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದೇ ಕಷ್ಟ. ರಾಯರು ಆ ಮೂರು ನಿಮಿಷವನ್ನು ಶಾಪವೆಂದುಕೊಳ್ಳದೆ ಒಂದು ಛಂದಸ್ಸೆಂದು ಸ್ವೀಕರಿಸಿದರು. ಆಲಾಪನೆ ಚುಟುಕಾಯಿತು, ಮಾತು ಸ್ಪಷ್ಟವಾಯಿತು, ಕವಿಯ ಸಾಲು ಮುಂದಕ್ಕೆ ಬಂತು. ಇನ್ನೂ ಒಂದು ಮಾತು: ರಾಯರೊಬ್ಬರೇ ಹಾಡಿದರೆಂದು ನಾವು ಹೇಳುತ್ತೇವಾದರೂ ಅವರ ಅಕ್ಕಪಕ್ಕದಲ್ಲಿ ಮೋಹನಕುಮಾರಿ, ಸೋಹನಕುಮಾರಿಯರ ದನಿಗಳಿದ್ದುವು, ಆ ಹೆಸರುಗಳು ರಾಯರ ಹೆಸರಿನೊಡನೆಯೇ ನಾಡಿಗೆ ತಿಳಿದುವು. 1981ರಲ್ಲಿ ರಾಯರು ತೀರಿಕೊಂಡರು. ಅವರನ್ನು ಯಕ್ಷಗಾನ ಬಿಟ್ಟವರೆಂದೋ ಕಂಪೆನಿ ಬಿಟ್ಟವರೆಂದೋ ಯಾರಾದರೂ ಇಂದು ದೂರುವುದುಂಟೇ?

ಈಗ ನಮ್ಮ ಭಾಗವತರ ಕಡೆಗೆ ಬರೋಣ. ಗುಂಡ್ಮಿ ಕಾಳಿಂಗ ನಾವಡರು 1958ರಲ್ಲಿ ಹುಟ್ಟಿ, 1990ರ ಮೇ ತಿಂಗಳಿನಲ್ಲಿ ರಸ್ತೆಯ ಅಪಘಾತದಲ್ಲಿ ಹೋದರು. ನಾರ್ಣಪ್ಪ ಉಪ್ಪೂರರ ಶಿಷ್ಯರು, ಸ್ವತಃ ಪ್ರಸಂಗಕರ್ತರು. ಸಾಲಿಗ್ರಾಮ ಮೇಳದ ಡೇರೆಗಳನ್ನು ತುಂಬಿಸಿದ ಆ ಕಂಠ ಕ್ಯಾಸೆಟ್ಟಿನ ಕಾಲದ್ದು. ಅದೇ ಉಪ್ಪೂರರ ಇನ್ನೊಬ್ಬ ಶಿಷ್ಯರು ಸುಬ್ರಹ್ಮಣ್ಯ ಧಾರೇಶ್ವರರು. ಗೋಕರ್ಣದಲ್ಲಿ ಹುಟ್ಟಿ, ನಮ್ಮ ನೆರೆಯ ಕಿರಿಮಂಜೇಶ್ವರದಲ್ಲಿ ನೆಲೆಸಿ, ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಭಾಗವತರಾಗಿದ್ದು, 2024ರ ಏಪ್ರಿಲ್ 25ರಂದು ಅಗಲಿದರು. ಈ ಇಬ್ಬರ ದನಿಯೂ ಬೇಕಾದಷ್ಟು ಉಳಿದಿದೆ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಗದ್ದೆಯ ಅಂಚಿನಲ್ಲಿ ಮೊಬೈಲಿನಿಂದ ಕೇಳಿಸುತ್ತದೆ. ಆದರೆ ಉಳಿದಿರುವುದರಲ್ಲಿ ಬಹುಪಾಲು ಯಾವುದೋ ರಾತ್ರಿಯ ಆಟದಲ್ಲಿ ಯಾರೋ ಹಿಡಿದದ್ದು. ಇಲ್ಲವೇ ಬೇರೆ ಬೇರೆ ಪ್ರಸಂಗಗಳಿಂದ ಒಂದೊಂದು ಪದ್ಯ ಕಿತ್ತು ಪೋಣಿಸಿದ್ದು. ಇವು ರೆಕಾರ್ಡುಗಳು ಹೌದು. ಇವನ್ನು ಆಲ್ಬಂ ಎನ್ನಲಾರೆ.

ನನ್ನ ವಾದದ ತಿರುಳು ಇಲ್ಲಿದೆ. ನಾವು ಇಷ್ಟು ದೊಡ್ಡ ಕಂಠಗಳನ್ನು ಪಡೆದೆವು. ಅವರನ್ನು ಮೇಳದಿಂದ ಹೊರಗೆ ಕರೆದೂ ಕರೆದೆವು. ಹೊರಗೆ ಕರೆದು ಏನು ಕೇಳಿದೆವು? ಮೇಳದಲ್ಲಿ ಹಾಡಿದ್ದನ್ನೇ ಇನ್ನೊಮ್ಮೆ ಹಾಡಿ ಎಂದೆವು. ಗೃಹಪ್ರವೇಶವಾಗಲಿ, ಸಂಘದ ವಾರ್ಷಿಕೋತ್ಸವವಾಗಲಿ, ಗಾನವೈಭವದ ವೇದಿಕೆಗೆ ಹೋಗುವ ಚೀಟಿಗಳನ್ನು ನೋಡಿ. ಅವವೇ ಹತ್ತು ಹನ್ನೆರಡು ಪದ್ಯಗಳು. ಶೃಂಗಾರದ್ದೊಂದು, ಕರುಣೆಯದೊಂದು, ಮಳೆ ನವಿಲುಗಳ ವರ್ಣನೆಯದೊಂದು. ಇಬ್ಬರು ಭಾಗವತರನ್ನು ಎದುರುಬದುರು ಕೂರಿಸಿ ಯಾರ ಶ್ರುತಿ ಮೇಲೇರುತ್ತದೆಂದು ಕೋಳಿ ಅಂಕದವರ ಹಾಗೆ ನೋಡುವುದು ಬೇರೆ. ಹಾಡಿದ್ದೇ ಹಾಡುವ ಕಿಸಬಾಯಿದಾಸನ ಗಾದೆಯನ್ನು ಭಾಗವತರ ಮೇಲೆ ಹೊರಿಸುವುದು ಅನ್ಯಾಯ. ಹಾಡಿದ್ದನ್ನೇ ಹಾಡಿಸುವವರು ನಾವು.

ಮೇಳದ ಪದ್ಯವನ್ನು ಹಾಗೆಯೇ ಎತ್ತಿ ವೇದಿಕೆಯ ಮೇಲಿಟ್ಟರೆ ಏನು ಕೆಡುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ರಂಗಸ್ಥಳದಲ್ಲಿ ಪದ್ಯದ ಉದ್ದವನ್ನು ಭಾಗವತನೊಬ್ಬನೇ ನಿರ್ಧರಿಸುವುದಿಲ್ಲ. ವೇಷಧಾರಿಯ ಕಾಲು ಸೋಲುವ ತನಕ, ಇಲ್ಲವೇ ಭಾವ ತುಂಬುವ ತನಕ, ಒಂದೇ ಸಾಲು ಎಂಟು ಸಲ ಬರಬಹುದು. ಚಂಡೆ ಒಮ್ಮೆಲೇ ಏರುವುದು ಬಣ್ಣದ ವೇಷ ರಂಗಕ್ಕೆ ಧುಮುಕಿತೆಂದು. ಹಾಡಿಕೆ ನಡುವೆ ನಿಲ್ಲುವುದು ಪಾತ್ರಧಾರಿಯ ಮಾತಿಗಾಗಿ. ಆ ಕಾಲು, ಆ ವೇಷ, ಆ ಮಾತು ಇಲ್ಲದ ಕಡೆ ಅದೇ ಸಾಲನ್ನು ಎಂಟು ಸಲ ಹಾಡಿದರೆ ಯಾರಿಗಾಗಿ? ಅಲ್ಲಿ ಖಾಲಿ ಬಿದ್ದ ಜಾಗವನ್ನು ತುಂಬಲೆಂದು ಆಲಾಪನೆ ಉದ್ದವಾಗುತ್ತದೆ. ಶಾಸ್ತ್ರೀಯ ಸಂಗೀತದ ಸ್ವರಪ್ರಸ್ತಾರ ಒಳಗೆ ಬರುತ್ತದೆ. ಸಿನಿಮಾದ ಧಾಟಿ ಬಾಗಿಲಲ್ಲಿ ಇಣುಕುತ್ತದೆ. ಹಿರಿಯರಿಗೆ 'ಹೆಣ' ಕಂಡದ್ದು ಇಲ್ಲಿಯೇ ಇರಬೇಕು. ಅವರ ಕಣ್ಣು ಸರಿ, ನಿದಾನ ತಪ್ಪು. ಪದ್ಯ ಮೇಳವನ್ನು ಬಿಟ್ಟದ್ದರಿಂದ ಕೆಡಲಿಲ್ಲ. ಮೇಳವನ್ನು ಬಿಟ್ಟ ಮೇಲೂ ಅದನ್ನು ಹೊಸದಾಗಿ ಕಟ್ಟದೆ, ಮೇಳದ ಅಂಗಿಯಲ್ಲೇ ಮೆರೆಸಿದ್ದರಿಂದ ಕೆಟ್ಟಿತು. ಕಾಳಿಂಗರಾಯರು ಮೂರು ನಿಮಿಷಕ್ಕೆ ಹೊಸ ಅಂಗಿ ಹೊಲಿಸಿದರು. ಮೇಫೀಲ್ಡ್ ಒಂಬತ್ತು ನಿಮಿಷಕ್ಕೆ ಹೊಲಿಸಿದ. ನಮ್ಮಲ್ಲಿ ಆ ದರ್ಜಿಯ ಕೆಲಸವನ್ನು ಯಾರೂ ಬೇಡಲೇ ಇಲ್ಲ.

ಎರಡನೆಯ ಸೇರಿನ ಮಾತೂ ಉಳಿದಿದೆ. ಕರಪತ್ರ ನೋಡಿ, ಕ್ಯಾಸೆಟ್ಟಿನ ಹೊದಿಕೆ ನೋಡಿ, ಈಗಿನ ವೀಡಿಯೊದ ಶೀರ್ಷಿಕೆ ನೋಡಿ. ಭಾಗವತರ ಮುಖ ಚಂದ್ರನಷ್ಟು ದೊಡ್ಡದು. ಮದ್ದಳೆಯವರ ಹೆಸರು ಇದ್ದರೆ ಇದ್ದೀತು, ಚಂಡೆಯವರ ಹೆಸರು ಅದಕ್ಕಿಂತ ಸಣ್ಣ ಅಕ್ಷರದಲ್ಲಿ. 'ಮತ್ತು ಬಳಗ' ಎಂಬಲ್ಲಿಗೆ ಮುಗಿಯುವುದೇ ಹೆಚ್ಚು. ಶಿಕಾಗೊದ ಆ 'ಮತ್ತು' ನಮ್ಮ ಊರಿಗೂ ಬಂದಿದೆ. ಇನ್ನು ಪದ್ಯ ಬರೆದ ಕವಿಯ ಹೆಸರು? ಪಾರ್ತಿಸುಬ್ಬನ ಹೆಸರಿನಲ್ಲಿ ಬಂದ ರಾಮಾಯಣದ ಪ್ರಸಂಗಗಳ ಪದ್ಯಗಳು, ದೇವಿದಾಸನ ಪದ್ಯಗಳು ದಿನಾ ಲಕ್ಷ ಕಿವಿಗಳಿಗೆ ಬೀಳುತ್ತಿರಬಹುದು. 'ಇಂಥ ಭಾಗವತರ ಸೂಪರ್ ಹಿಟ್ ಪದ್ಯ' ಎಂದಷ್ಟೇ ಇರುತ್ತದೆ, ಕವಿ ಇರುವುದಿಲ್ಲ, ಪ್ರಸಂಗದ ಹೆಸರೂ ಇರುವುದಿಲ್ಲ. ಕನ್ನಡದ ಅಧ್ಯಾಪಕನಾಗಿ ನನಗೆ ಇದು ಎಲ್ಲಕ್ಕಿಂತ ಹೆಚ್ಚು ಉರಿಯುವ ಸಂಗತಿ. ಭಾಮಿನಿ, ವಾರ್ಧಕ, ಕಂದ, ದ್ವಿಪದಿಗಳು ಜೀವಂತವಾಗಿ ಜನರ ಕಿವಿಯಲ್ಲಿ ಉಳಿದಿರುವ ಒಂದೇ ಜಾಗ ಇದು. ಇಲ್ಲಿಯೂ ಕವಿಯನ್ನು ಅನಾಮಿಕನನ್ನಾಗಿ ಮಾಡಿದರೆ ನಾವು ತರಗತಿಯಲ್ಲಿ ಕುಮಾರವ್ಯಾಸನ ಷಟ್ಪದಿಗೆ ಪ್ರಸ್ತಾರ ಹಾಕಿಸಿ ಏನು ಪ್ರಯೋಜನ?

ಹಾಗಾದರೆ ಬೇಕಾದದ್ದು ಏನು? ಭಾಗವತನೊಬ್ಬನ ನಿಜವಾದ ಮೊದಲ ಆಲ್ಬಂ. ಅದು ಹೇಗಿರಬಹುದೆಂದು ಹೇಳುವ ಧೈರ್ಯ ಮಾಡುತ್ತೇನೆ.

ಅದು ಹತ್ತು ಪ್ರಸಂಗಗಳ ಚೂರುಗಳಾಗಿರದೆ ಒಂದೇ ಪ್ರಸಂಗದ್ದಾಗಿರಲಿ. ಒಂದು ರಾತ್ರಿಯ ಕತೆಯನ್ನು ಒಂದು ಗಂಟೆಯಲ್ಲಿ, ಮಾತಿಲ್ಲದೆ, ಪದ್ಯಗಳ ಆಯ್ಕೆಯಿಂದಲೇ ನಡೆಸುವುದು ಹೇಗೆಂದು ಭಾಗವತರು ಕುಳಿತು ಯೋಚಿಸಲಿ. ಎಲ್ಲಿ ಮದ್ದಳೆ ಮಾತ್ರ ಸಾಕು, ಎಲ್ಲಿ ಚಂಡೆ ಬೇಕು, ಎಲ್ಲಿ ಬರಿಯ ಕಂಠ ನಿಲ್ಲಬೇಕು ಎಂಬುದು ಹಾಗೆ ಕಟ್ಟಿದಾಗ ತಾನಾಗಿ ಗೊತ್ತಾಗುತ್ತದೆ. ರಂಗಸ್ಥಳದಲ್ಲಿ ಕೇಳುವುದು ಅಪರೂಪವಾಗುತ್ತಿರುವ ಮಟ್ಟುಗಳು ಅದರಲ್ಲಿ ಬರಲಿ. ರಾತ್ರಿಯಿಡೀ ನಡೆಯುತ್ತಿದ್ದ ಆಟಗಳು ಕೆಲವು ಗಂಟೆಗಳ ಕಾಲಮಿತಿಗೆ ಇಳಿದಾಗ ಮೊದಲು ಕತ್ತರಿ ಬಿದ್ದದ್ದು ನಿಧಾನವಾದ ಪದ್ಯಗಳಿಗೆ. ಮೆಚ್ಚಾಳಿ, ಗೋಪನೀತೆಯಂಥ ರಾಗಗಳ, ಕೋರೆ ತಾಳದ ಹೆಸರನ್ನು ಈಗಿನ ಎಷ್ಟು ಪ್ರೇಕ್ಷಕರು ಬಲ್ಲರು? ರಾಘವ ನಂಬಿಯಾರರಂಥ ವಿದ್ವಾಂಸರು ಹಿಮ್ಮೇಳದ ಬಗೆಗೆ ದೊಡ್ಡ ಗ್ರಂಥವನ್ನೇ ಬರೆದಿಟ್ಟಿದ್ದಾರೆ. ಆದರೆ ಗ್ರಂಥದಲ್ಲಿರುವ ತಾಳ ಕಿವಿಗೆ ಬೀಳದಿದ್ದರೆ ಅದು ಗೋಡೆಯ ಮೇಲಿನ ಹುಲಿಯ ಚರ್ಮದಂತೆ. ರಂಗದಲ್ಲಿ ಹೊತ್ತಿಲ್ಲವೆಂದು ಹೊರಗೆ ಬಿದ್ದದ್ದಕ್ಕೆ ಆಲ್ಬಮಿನಲ್ಲಿ ಹೊತ್ತು ಉಂಟು. ಮೂರು ನಿಮಿಷದ ಪ್ಲೇಟು ಹೋಯಿತು, ಮಗ್ಗುಲಿಗೆ ಅರ್ಧ ಗಂಟೆಯ ಕ್ಯಾಸೆಟ್ಟೂ ಹೋಯಿತು; ಈಗಿನ ಯಂತ್ರಕ್ಕೆ ಉದ್ದದ ಹಂಗಿಲ್ಲ. ಮೇಳದಿಂದ ಹೊರಬಂದ ಕಂಠವು ಮೇಳ ಕಳೆದುಕೊಂಡದ್ದನ್ನು ಕಾಪಾಡಬಲ್ಲುದು. ಇದಕ್ಕಿಂತ ದೊಡ್ಡ ಋಣಪರಿಹಾರ ಯಾವುದು?

ಹೆಸರುಗಳ ವಿಷಯ ಹೇಳಿದ್ದೇನೆ. ಕವಿ, ಪ್ರಸಂಗ, ಮದ್ದಳೆ, ಚಂಡೆ, ಶ್ರುತಿ, ಇವರೆಲ್ಲರ ಹೆಸರು ಭಾಗವತರ ಹೆಸರಿನಷ್ಟೇ ದಪ್ಪದ ಅಕ್ಷರದಲ್ಲಿ ಇರಲಿ. ಪದ್ಯಗಳ ಪಾಠವನ್ನು ಒಂದು ಸಣ್ಣ ಪುಸ್ತಿಕೆಯಾಗಿ ಅಚ್ಚು ಮಾಡಿ ಜತೆಗೆ ಕೊಡಲಿ. ಅದಕ್ಕೆ ಟಿಪ್ಪಣಿ ಬರೆಯಲು ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳಲ್ಲಿ ಜನ ಸಿಕ್ಕಾರು, ಕೇಳಿದವರಿಲ್ಲ ಅಷ್ಟೆ.

'ಇದನ್ನೆಲ್ಲ ಕೊಳ್ಳುವವರು ಯಾರು? ಜನಕ್ಕೆ ಬೇಕಾದದ್ದು ಹಳೆಯ ಹತ್ತು ಪದ್ಯಗಳೇ' ಎನ್ನುವ ಆಕ್ಷೇಪ ಬರುತ್ತದೆ, ನನಗೆ ಗೊತ್ತು. ಜನಕ್ಕೆ ಏನು ಬೇಕೆಂಬುದು ಜನಕ್ಕೆ ಕೊಡುವ ಮೊದಲು ಯಾರಿಗೂ ತಿಳಿಯುವುದಿಲ್ಲ. ರತ್ನನ ಪದವನ್ನು ಪ್ಲೇಟಿನಲ್ಲಿ ಕೇಳಬೇಕೆಂದು ಕಾಳಿಂಗರಾಯರಿಗೆ ಯಾರೂ ಅರ್ಜಿ ಬರೆದಿರಲಿಲ್ಲ. ಶರೀಫರ ಪದಕ್ಕೆ ಗಿಟಾರು ಹಾಕಿ ಎಂದೂ ಯಾರೂ ಮನವಿ ಕೊಟ್ಟಿರಲಿಲ್ಲ. ಜನ ಬಂದರು, ಕೇಳಿದರು, ತಮ್ಮದೆಂದುಕೊಂಡರು.

ಹಣದ ಕೊರತೆಯ ಮಾತನ್ನೂ ನಾನು ನಂಬುವುದಿಲ್ಲ. ಒಬ್ಬ ಭಾಗವತರಿಗೆ ವರ್ಷಕ್ಕೆ ಎಷ್ಟು ಸನ್ಮಾನಗಳಾಗುತ್ತವೆ ನೋಡಿ. ಶಾಲು, ಪೇಟ, ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಬಿನ್ನವತ್ತಳೆ, ಮೂರು ಗಂಟೆಯ ಭಾಷಣ. ಮನೆಯ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗವಿಲ್ಲದಷ್ಟು ಫಲಕಗಳು. ಧಾರೇಶ್ವರರು ಹೋದಾಗ ಶೋಕಸಭೆಗಳಲ್ಲಿ ಆಡಿದ ಮಾತುಗಳಲ್ಲಿ ಅರ್ಧದಷ್ಟು ಪ್ರೀತಿಯನ್ನು ಅವರು ಇದ್ದಾಗ ಒಂದು ಒಳ್ಳೆಯ ಧ್ವನಿಮುದ್ರಣದ ಕೊಠಡಿಯ ಬಾಡಿಗೆಯಾಗಿ ಕೊಟ್ಟಿದ್ದರೆ! ನಾವಡರಿಗೆ ಮೂವತ್ತೆರಡು ತುಂಬುವ ಮೊದಲೇ ಕಾಲ ಮುಗಿಯಿತು. ಅವರ ವಿಷಯದಲ್ಲಿ ವಿಧಿಯನ್ನು ದೂರಬಹುದು. ಉಳಿದವರ ವಿಷಯದಲ್ಲಿ ವಿಧಿಯ ಮೇಲೆ ಹೇರಲು ನಮಗೆ ಹಕ್ಕಿಲ್ಲ. ಇಂದು ಹಾಡುತ್ತಿರುವ ಭಾಗವತರಲ್ಲಿ ಅಂಥ ಕೆಲಸಕ್ಕೆ ತಕ್ಕ ಕಂಠವೂ ಬುದ್ಧಿಯೂ ಉಳ್ಳವರು ಇದ್ದಾರೆ. ಹೆಂಗಸರೂ ಈ ಕಲೆಗೆ ಬಂದು ತಾಳ ಹಿಡಿದಿದ್ದಾರೆ.

ಆದುದರಿಂದ ಸಂಘಸಂಸ್ಥೆಗಳ ಕಾರ್ಯದರ್ಶಿಗಳಲ್ಲಿ ನನ್ನ ಬಿನ್ನಹವಿಷ್ಟೇ. ಬರುವ ಮಳೆಗಾಲದಲ್ಲಿ, ಮೇಳಗಳು ಮನೆಗೆ ಬಂದ ಮೇಲೆ, ಒಂದು ಸನ್ಮಾನ ಕಡಿಮೆ ಮಾಡಿ. ಆ ಹಣವನ್ನು ಒಬ್ಬ ಭಾಗವತರ, ಒಬ್ಬ ಮದ್ದಳೆಗಾರರ, ಒಬ್ಬ ಚಂಡೆಗಾರರ ಮುಂದಿಟ್ಟು, ಒಂದು ತಿಂಗಳ ಬಿಡುವು ಕೊಟ್ಟು, 'ನಿಮಗೆ ಬೇಕಾದ ಒಂದು ಪ್ರಸಂಗವನ್ನು ನಿಮಗೆ ಬೇಕಾದಂತೆ ಹಾಡಿ ಕೊಡಿ. ಹಳೆಯ ಹತ್ತು ಪದ್ಯ ಮಾತ್ರ ಬೇಡ' ಎಂದು ಹೇಳಿ. ಅವರು ಮಾಡಿ ಕೊಟ್ಟದ್ದು ಚೆನ್ನಾಗಿಲ್ಲದಿದ್ದರೆ ಆಗ ಹಿರಿಯರು ಬೈಯಲಿ. ನಾನೂ ಅವರ ಜತೆ ಕುಳಿತು ಬೈಯುತ್ತೇನೆ. ಅಲ್ಲಿಯವರೆಗೆ, ಮೇಳ ಬಿಟ್ಟ ದನಿಯನ್ನು ದೂರುವ ಅಧಿಕಾರ, ಅದಕ್ಕೆ ಹಳೆಯ ಚೀಟಿಯನ್ನೇ ಮತ್ತೆ ಮತ್ತೆ ಕಳುಹಿಸಿದ ನಮ್ಮಲ್ಲಿ ಯಾರಿಗೂ ಇಲ್ಲ.